ಇಳಿಜಾರಿನ ಪಟಪಟ ಸದ್ದು

ಅಮೆರಿಕದಲ್ಲಿ ಜೇಕ್ ಬ್ರೇಕ್ ಇರುವ ಡೀಸೆಲ್ ಮೋಟಾರ್‌ಹೋಮ್ ಇಳಿಜಾರಿನಲ್ಲಿ ಪಟಪಟ ಅಂದರೆ ಎಂಜಿನ್ನೇ ಕೆಟ್ಟಿತೆಂದು ಹೆದರುವವರಿದ್ದಾರೆ. ನಾನು ಹೇಳೋದಿಷ್ಟು: ಮೊದಲು ಸಮತಟ್ಟು ರಸ್ತೆಯಲ್ಲಿ ಅದರ ಸ್ವಿಚ್ ಆಫ್ ಮಾಡಿ ನೋಡಿ. ಸದ್ದು ನಿಂತರೆ ಅದು ಆ ಬ್ರೇಕಿನದೇ.

ಇದಕ್ಕೊಂದು ಹಳೇ ಕಥೆಯಿದೆ. 1931ರಲ್ಲಿ ಕ್ಲೆಸ್ಸಿ ಕಮಿನ್ಸ್ ಡೀಸೆಲ್ ಟ್ರಕ್ಕಿನಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಪಾಸ್ ಘಾಟಿ ಇಳಿಯುವಾಗ ಬ್ರೇಕ್ ಕೈಕೊಟ್ಟಿತು. ಕೆಳಗೆ ರಸ್ತೆಗೆ ಅಡ್ಡಲಾಗಿ ಗೂಡ್ಸ್ ರೈಲು! ಕೂದಲೆಳೆಯಲ್ಲಿ ಪಾರಾದರು.

ಅದನ್ನು ಮರೆಯದ ಅವರು ನಿವೃತ್ತರಾದ ಮೇಲೆ ಉಪಾಯ ಹುಡುಕಿದರು. ಸಿಲಿಂಡರಿನಲ್ಲಿ ಒತ್ತಿದ ಗಾಳಿ ಪಿಸ್ಟನ್ನನ್ನು ವಾಪಸ್ ತಳ್ಳುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆದು ಹೊರಬಿಡುವುದು. 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು.

ಆ ಗಾಳಿ ಸಿಡಿಯುವ ಸದ್ದೇ ಇದು. ಕಿವಿಗೆ ಕಿರಿಕಿರಿ, ನಿಜ. ಆದರೆ ಘಾಟಿಯಲ್ಲಿ ಚಕ್ರದ ಬ್ರೇಕ್ ಕಾದು ಕೈಕೊಡದಂತೆ ನೋಡಿಕೊಳ್ಳುವುದೂ ಇದೇ.