ಮದ್ದಳೆಯ ಗುರು, ಪಿಎಚ್.ಡಿ.ಯ ಶಿಷ್ಯೆ

ಪಿಎಚ್.ಡಿ. ಮಾಡಹೊರಟವರಿಗೆ ಮೊದಲು ಬೇಕಾಗುವುದು ಒಬ್ಬ ಗೈಡ್. ವಿಷಯದ ಆಯ್ಕೆಯಿಂದ ಹಿಡಿದು ಮಹಾಪ್ರಬಂಧಕ್ಕೆ ಸಹಿ ಹಾಕುವವರೆಗೆ ಅವರದೇ ಹೊಣೆ. ಆದರೆ ಕೆಲವು ವಿಷಯಗಳ ತಿಳಿವಳಿಕೆ ವಿಶ್ವವಿದ್ಯಾಲಯದ ಒಳಗೆ ಇರುವುದೇ ಇಲ್ಲ. ಆಗ ಸಂಶೋಧಕರು ಇನ್ನೊಬ್ಬ ಗುರುವನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಬಡಗುತಿಟ್ಟಿನ ಯಕ್ಷಗಾನ ಅಂಥದೊಂದು ವಿಷಯ.

ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆ ಬಡಗುತಿಟ್ಟಿನ ತವರು. ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟಪಾಡಿ ಎಂಬ ಎರಡು ಊರುಗಳ ಹೆಸರಿನಲ್ಲಿ ಕುಣಿತದ ಎರಡು ಶೈಲಿಗಳೇ ಬೆಳೆದಿವೆ. ಮಂದಾರ್ತಿ, ಮಾರಣಕಟ್ಟೆ ಮೇಳಗಳು ಹರಕೆ ಆಟಗಳೊಂದಿಗೆ ಊರೂರು ತಿರುಗಿದವು. ಈ ವಿದ್ಯೆ ಉಳಿದು ಬಂದದ್ದು ಮುಖ್ಯವಾಗಿ ಭಾಗವತರ ಕಂಠದಲ್ಲಿ, ವೇಷಧಾರಿಗಳ ಕಾಲಿನಲ್ಲಿ, ಮದ್ದಳೆಗಾರರ ಬೆರಳಿನಲ್ಲಿ.

ಇದನ್ನು ವಿದ್ವತ್ತಿನ ವಿಷಯವಾಗಿ ಎತ್ತಿ ನಿಲ್ಲಿಸಿದವರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪ್ರಮುಖರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ಕಾರಂತರು ಯಾರ ಕೈಕೆಳಗೂ ಪಿಎಚ್.ಡಿ. ಮಾಡಿದವರಲ್ಲ. ಆದರೂ ಮುಂದಿನ ಸಂಶೋಧಕರಿಗೆ ಆ ಗ್ರಂಥವೇ ಬುನಾದಿಯಾಯಿತು.

1970ರ ಆಸುಪಾಸಿನಲ್ಲಿ ಮಾರ್ತಾ ಆ್ಯಶ್ಟನ್ ಎಂಬ ಅಮೆರಿಕದ ಸಂಶೋಧಕಿ ಈ ಸೀಮೆಗೆ ಬಂದರು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪಿಎಚ್.ಡಿ.ಗೆ ಅವರು ಆರಿಸಿಕೊಂಡ ವಿಷಯ ಬಡಗುತಿಟ್ಟು ಬಯಲಾಟ. ಅವರಿಗೆ ಗುರುವಾಗಿ ದೊರೆತವರು ಹಿರಿಯಡಕ ಗೋಪಾಲ ರಾಯರು. ಮಂದಾರ್ತಿ ಮೇಳದಲ್ಲಿ ಮದ್ದಳೆ ನುಡಿಸಿದ್ದ, ಏರುಮದ್ದಳೆಯಿಂದ ಹೆಸರಾದ ಕಲಾವಿದರು ಅವರು.

ಸಂಶೋಧನೆಯ ವಿಧಾನ, ಅಧ್ಯಾಯಗಳ ಜೋಡಣೆ, ವಾದದ ಬಿಗಿ ಇವನ್ನು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ತಿದ್ದಬಲ್ಲರು. ಆದರೆ ತಾಳಕ್ಕೂ ಹೆಜ್ಜೆಗೂ ಏನು ನಂಟು, ಭಾಗವತರ ಪದ ಮುಗಿಯುವಲ್ಲಿ ಮದ್ದಳೆ ಹೇಗೆ ಮುಕ್ತಾಯ ಕೊಡುತ್ತದೆ ಎಂಬುದನ್ನು ಎದುರು ಕುಳ್ಳಿರಿಸಿ ಕಲಿಸಬಲ್ಲವರು ಮೇಳದವರೇ. ಈ ಎರಡೂ ಬಗೆಯ ಶಿಕ್ಷಣ ಸೇರಿ 1972ರಲ್ಲಿ ಆ್ಯಶ್ಟನ್ ಅವರ ಪ್ರಬಂಧ ಸಿದ್ಧವಾಯಿತು. 1977ರಲ್ಲಿ ಅವರು ಬ್ರೂಸ್ ಕ್ರಿಸ್ಟಿ ಅವರೊಂದಿಗೆ ಬರೆದ ಇಂಗ್ಲಿಷ್ ಪುಸ್ತಕವೂ ಹೊರಬಂದು, ಹೊರಗಿನ ಓದುಗರಿಗೆ ಈ ಕಲೆಯ ಪರಿಚಯ ಮಾಡಿಕೊಟ್ಟಿತು.

ಇದೇ ಕಾಲದಲ್ಲಿ, 1971ರಲ್ಲಿ, ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರ ಆಸಕ್ತಿ ಇದರ ಹಿಂದಿತ್ತು. ಮಟಪಾಡಿ ವೀರಭದ್ರ ನಾಯಕರಂಥ ಮೇಳದ ಹಿರಿಯರು ಅಲ್ಲಿ ಗುರುಗಳಾದರು. ಚೌಕಿಯಲ್ಲಿ ನೋಡಿ ಕಲಿಯುತ್ತಿದ್ದ ವಿದ್ಯೆಗೆ ಹೀಗೆ ಕಾಲೇಜಿನ ನೆರಳಿನಲ್ಲೂ ಒಂದು ಜಾಗ ಸಿಕ್ಕಿತು.

ಇಂದಿನ ವ್ಯವಸ್ಥೆ ಹೆಚ್ಚು ಕಟ್ಟುನಿಟ್ಟಿನದು. ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರ್ ಒಬ್ಬರು ಏಕಕಾಲಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಸಂಶೋಧಕರಿಗೆ ಮಾತ್ರ ಮಾರ್ಗದರ್ಶಕರಾಗಬಹುದು. ಸೆಮಿಸ್ಟರ್‌ಗೊಮ್ಮೆ ಸಲಹಾ ಸಮಿತಿಯ ಮುಂದೆ ಕೆಲಸದ ಪ್ರಗತಿ ಒಪ್ಪಿಸಬೇಕು. ಗೈಡ್ ಸಿಕ್ಕಿಯೂ ಅವರ ಸಮಯ ಸಿಗದ ವಿದ್ಯಾರ್ಥಿಗೆ ಇದೊಂದು ರಕ್ಷಣೆ, ನಿಜ. ಆದರೆ ಮಾರ್ಗದರ್ಶಕರಾಗಲು ಪಿಎಚ್.ಡಿ. ಪದವಿ, ಖಾಯಂ ಅಧ್ಯಾಪಕ ಹುದ್ದೆ ಎರಡೂ ಬೇಕು. ಗೋಪಾಲ ರಾಯರಂಥವರ ಹೆಸರಿಗೆ ಪ್ರಬಂಧದಲ್ಲಿ ಖಚಿತವಾಗಿ ಉಳಿಯುವ ಜಾಗ ಕೃತಜ್ಞತೆಯ ಪುಟವೊಂದೇ.

ನಿಯಮ ಅಡ್ಡಿಯಾಗಬೇಕಿಲ್ಲ. ತನಗೆ ತಿಳಿಯದ್ದನ್ನು ತಿಳಿದವರ ಮನೆಗೆ ಶಿಷ್ಯರನ್ನು ಕಳುಹಿಸುವುದೂ ಮಾರ್ಗದರ್ಶನವೇ. ಅದಕ್ಕೆ ಸಮಿತಿಯ ಅಪ್ಪಣೆ ಬೇಕಿಲ್ಲ, ಪ್ರಾಧ್ಯಾಪಕರಿಗೆ ದೊಡ್ಡ ಮನಸ್ಸಿದ್ದರೆ ಸಾಕು. ಆದರೆ ತಡಮಾಡುವಂತಿಲ್ಲ. ನೂರು ವರ್ಷ ಬಾಳಿದ ಗೋಪಾಲ ರಾಯರು 2020ರಲ್ಲಿ ತೀರಿಕೊಂಡರು. ಪ್ರಬಂಧ ಗ್ರಂಥಾಲಯದಲ್ಲಿ ಕಾದಿರುತ್ತದೆ, ಗುರು ಕಾದಿರುವುದಿಲ್ಲ.