ಕುರಿಯಲ್ಲದ ಕುರಿ, ಶಾಮಿಯಲ್ಲದ ಶಾಮಿ

ವೀಕೆಂಡ್ ಬಂದರೆ ನಂದಿಬೆಟ್ಟಕ್ಕೆ ಸೈಕಲ್ ತುಳಿಯೋರಿಗೆ 'ಶಾಮಿ' ಗೊತ್ತಿರುತ್ತೆ. ಸೈಕ್ಲಿಂಗ್ ಚಡ್ಡಿಯ ಒಳಗೆ ಹೊಲಿದಿರುವ ಮೆತ್ತನೆಯ ಪ್ಯಾಡು. ಕಾರು ತೊಳೆದ ಮೇಲೆ ಒರೆಸುವ ಹಳದಿ ಬಟ್ಟೆಗೂ ಅದೇ ಹೆಸರು. ಇವತ್ತು ಎರಡರಲ್ಲೂ ಹೆಚ್ಚಾಗಿ ಇರೋದು ಫೋಮು, ಕೃತಕ ನೂಲು, ಪ್ಲಾಸ್ಟಿಕ್ಕು. ಹೆಸರು ಮಾತ್ರ ಒಂದು ಪ್ರಾಣಿಯದ್ದು.

ಆ ಪ್ರಾಣಿಗೆ ಫ್ರೆಂಚರು 'ಶಾಮ್ವಾ' ಅಂತಾರೆ. ಆಲ್ಪ್ಸ್‌ನಂಥ ಯುರೋಪಿನ ಪರ್ವತಗಳಲ್ಲಿ ಕಡಿದಾದ ಬಂಡೆ ಹತ್ತಿ ಇಳಿಯುವ, ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿದ ಕೊಂಬಿನ ಕಾಡುಪ್ರಾಣಿ. ನೋಡೋಕೆ ಅರ್ಧ ಆಡು, ಅರ್ಧ ಹುಲ್ಲೆ. ಇದರ ಚರ್ಮವನ್ನು ಮೀನೆಣ್ಣೆ ಹಾಕಿ ಕುಟ್ಟಿ, ಗಾಳಿಗೆ ಹರವಿ ಹದ ಮಾಡುತ್ತಿದ್ದರು. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಚರ್ಮದ ಎಳೆಗಳಿಗೆ ಅಂಟಿಕೊಳ್ಳುತ್ತೆ. ಹಾಗೆ ಹದಗೊಂಡ ಚರ್ಮ ಹಳದಿ ಬಣ್ಣಕ್ಕೆ ತಿರುಗಿ, ನೀರನ್ನು ಚೆನ್ನಾಗಿ ಹೀರುತ್ತೆ, ಗಾಜನ್ನು ಗೀರದೆ ಒರೆಸುತ್ತೆ. ಮೋಟಾರು ಬಂದ ಹೊಸದರಲ್ಲಿ ಪೆಟ್ರೋಲಿನೊಳಗಿನ ನೀರು ಬೇರೆ ಮಾಡೋಕೂ ಇದರಲ್ಲೇ ಸೋಸುತ್ತಿದ್ದರು.

ಆದರೆ ಬೆಟ್ಟದ ಮೇಲಿನ ಪ್ರಾಣಿ ಎಷ್ಟು ಅಂತ ಸಿಗುತ್ತೆ? 18ನೇ ಶತಮಾನದ ಫ್ರಾನ್ಸ್‌ನಲ್ಲೇ ಕುರಿ, ಆಡಿನ ಚರ್ಮವನ್ನೂ ಹೀಗೆ ಹದ ಮಾಡುತ್ತಿದ್ದರು. ಮುಂದೆ ಕುರಿಚರ್ಮವನ್ನು ಎರಡು ಪದರ ಸೀಳಿ, ಒಳಪದರದಿಂದ ಶಾಮಿ ಮಾಡೋದೇ ರೂಢಿಯಾಯ್ತು. ಶಾಮ್ವಾ ಹೋಗಿ ಕುರಿ ಬಂತು, ಕುರಿ ಹೋಗಿ ಪ್ಲಾಸ್ಟಿಕ್ ಬಂತು. ಲೇಬಲ್ ಬದಲಾಗಲೇ ಇಲ್ಲ.

ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಇದರ ತಿರುವುಮುರುವು ಕತೆ ಇದೆ. ಅಲ್ಲಿ ಕುರಿಯ ಚರ್ಮಕ್ಕೆ ಕಾಡುಪ್ರಾಣಿಯ ಹೆಸರು; ಇಲ್ಲಿ ಕಾಡುಪ್ರಾಣಿಗೇ ಕುರಿಯ ಹೆಸರು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿರುವ ಕೊಂಡುಕುರಿ ಕುರಿಯೇ ಅಲ್ಲ, ಹುಲ್ಲೆ. ತೆಲುಗಿನಲ್ಲಿ ಕೊಂಡ ಅಂದ್ರೆ ಬೆಟ್ಟ. ಹೆಸರಿನ ಮೊದಲರ್ಧ ಅಲ್ಲಿಂದ ಬಂದಿರಬೇಕು ಅನ್ನೋದು ನನ್ನ ಊಹೆ. ಸುಮಾರು ಎರಡಡಿ ಎತ್ತರ, ಇಪ್ಪತ್ತು ಕೆಜಿ ತೂಕ. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಎರಡು ಮೊಟಕು. ಜಗತ್ತಿನಲ್ಲಿ ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ.

ಆದರೂ ನಮ್ಮ ಜಿಲ್ಲೆಯವರಿಗೇ ಇದರ ಪರಿಚಯ ಕಡಿಮೆ. ಕಾರಣ ಇದೆ ಅನ್ನಿ. ನಾನು ಬೆಳೆದ ನ್ಯಾಮತಿ ಕಡೆ ಮೆಕ್ಕೆಜೋಳ, ಅಡಿಕೆಯದ್ದೇ ಮಾತು. ಹೊನ್ನಾಳಿ, ಚನ್ನಗಿರಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಆಗ ಇನ್ನೂ ತಾಲ್ಲೂಕೇ ಆಗಿರಲಿಲ್ಲ, ಹೊನ್ನಾಳಿಗೇ ಸೇರಿತ್ತು. ಹೊಳೆ ದಾಟಿ ರಾಣೇಬೆನ್ನೂರಿಗೆ ಹೋದರೆ 1974ರಿಂದ ಕೃಷ್ಣಮೃಗದ ಅಭಯಾರಣ್ಯ ಇದೆ. ಆ ಕೃಷ್ಣಮೃಗಕ್ಕಾದರೂ ಪುರಾಣದ ಬಲ ಇದೆ. ಋಷಿಗಳು ಕೂರುತ್ತಿದ್ದ, ಉಪನಯನದಲ್ಲಿ ವಟುವಿಗೆ ತೊಡಿಸುವ ಕೃಷ್ಣಾಜಿನ ಅಂದರೆ ಅದರ ಚರ್ಮವೇ. ಕೊಂಡುಕುರಿಗೆ ಪುರಾಣವೂ ಇಲ್ಲ, ಪೇಟೆಯೂ ಇಲ್ಲ.

ಚರ್ಮಕ್ಕೆ ಹೆಸರಾಗದೇ ಇದ್ದದ್ದು ಒಳ್ಳೆಯದೇ ಅಲ್ವಾ ಅಂತ ನೀವು ಕೇಳಬಹುದು. ಅರ್ಧ ನಿಜ. ಇಟಲಿಯ ಅಪೆನೈನ್ ಪರ್ವತಗಳಲ್ಲಿ ಬೇಟೆಯಿಂದಾಗಿ ಶಾಮ್ವಾಗಳು ಕೆಲವೇ ಡಜನ್‌ಗೆ ಇಳಿದಿದ್ದವು. ಆದರೆ ಅದು ಎಲ್ಲರಿಗೂ ಗೊತ್ತಿದ್ದ ಪ್ರಾಣಿ. ಅಬ್ರುಜೊದಲ್ಲಿ 1920ರ ದಶಕದಲ್ಲೇ ರಾಷ್ಟ್ರೀಯ ಉದ್ಯಾನ ಆಯ್ತು, ಸಂತತಿ ಉಳಿಯಿತು. ನಮ್ಮ ಕೊಂಡುಕುರಿಯನ್ನು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರೂ, ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಕಾಡು ವನ್ಯಧಾಮವಾಗಿದ್ದು 2011ರಲ್ಲಿ.

ಕೊಂಡುಕುರಿ ಹಿಂಡು ಕಟ್ಟಲ್ಲ. ಒಂಟಿಯಾಗಿ ಇಲ್ಲವೇ ಜೋಡಿಯಾಗಿ, ಹುಲ್ಲಿನ ಮರೆಯಲ್ಲಿ, ನೀರಿನ ಆಸರೆ ಬಿಟ್ಟು ದೂರ ಹೋಗದೆ ಬದುಕುತ್ತೆ. ಜಗಳೂರು ಮೊದಲೇ ಬರದ ಸೀಮೆ. ಅಲ್ಲಿ ಬೇಸಿಗೆಯ ಒಂದು ನೀರಿನ ಗುಂಡಿ ಬತ್ತಿದರೆ ಅದಕ್ಕೆ ಬೇರೆ ದಾರಿ ಇಲ್ಲ. ಕಾಣಿಸಿಕೊಳ್ಳದ ಪ್ರಾಣಿ ಕಡಿಮೆಯಾದರೆ ಯಾರಿಗೂ ತಕ್ಷಣ ತಿಳಿಯೋದೂ ಇಲ್ಲ. ಪ್ರಾಣಿ ಇಲ್ಲದೆಯೂ ಹೆಸರು ಆರಾಮಾಗಿ ಬದುಕುತ್ತೆ ಅಂತ ಶಾಮಿ ಬಟ್ಟೆ ತೋರಿಸಿಕೊಟ್ಟಿದೆ. ವನ್ಯಧಾಮದ ಬೋರ್ಡಿಗೂ ಆ ಗತಿ ಬರಬಾರದು.