ಎಲೆಯಡಿಕೆಯ ಬಾಯಿ, ಜೀವಕೋಶದ ಹಸಿವು

ಕಾರ್ಕಳದ ಅಡಿಕೆ ತೋಟಗಳಿಂದ ಕಾಪುವಿನ ಕಡಲ ದಂಡೆಯವರೆಗೆ, ಮನೆಗೆ ಬಂದವರ ಮುಂದೆ ಎಲೆಯಡಿಕೆಯ ತಟ್ಟೆ ಇಡುವುದು ಮರ್ಯಾದೆ. ಅದಕ್ಕೆ ಹೊಗೆಸೊಪ್ಪು ಸೇರಿದರೆ ಬಾಯಿ ಕ್ಯಾನ್ಸರ್ ಬರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೇಳಿತು. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂಬ ಅದರ ತೀರ್ಮಾನ 2004ರಲ್ಲಿ ಪ್ರಕಟವಾಯಿತು. ಅಡಿಕೆಯನ್ನೇ ನಂಬಿದ ಊರಿಗೆ ಇದು ನುಂಗಲಾರದ ಮಾತು. ಆದರೆ ಅಡಿಕೆ ಜೀವಕೋಶದೊಳಗೆ ಏನು ಮಾಡುತ್ತದೆ ಎಂಬುದನ್ನು ಬಿಡಿಸಲು ಹೊರಟ ವಿಜ್ಞಾನ ಇನ್ನೂ ದಾರಿಯಲ್ಲೇ ಇದೆ.

ಬಾಯಿಯಲ್ಲಿ ಅಡಿಕೆಯ ಹಾನಿಯನ್ನು ಮೊದಲು ನೋಡಿದವರು ವೈದ್ಯರು. ಬಾಯಿಯ ಒಳಪದರ ಗಡುಸಾಗಿ, ಬಾಯಿ ತೆರೆಯಲಾಗದ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನು 1952ರಲ್ಲಿ ಶ್ವಾರ್ಟ್ಜ್ ಕೀನ್ಯಾದ ಭಾರತೀಯ ಮಹಿಳೆಯರಲ್ಲಿ, ಮರುವರ್ಷ ಜೋಶಿ ಮುಂಬಯಿಯಲ್ಲಿ ವಿವರಿಸಿದರು. ಅದೇ 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಟಿ.ಎಂ.ಎ. ಪೈ ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದರು. 1965ರಲ್ಲಿ ದಂತ ವೈದ್ಯಕೀಯ ಕಾಲೇಜೂ ಬಂತು.

ಜೀವಕೋಶದ ಕಥೆ ಬೇರೆಡೆ ಬೆಳೆಯುತ್ತಿತ್ತು. ಕೋಶವು ತನ್ನದೇ ಹಳೆಯ, ಕೆಟ್ಟ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಲೈಸೋಸೋಮಿಗೆ ಒಯ್ದು ಕರಗಿಸುವುದಕ್ಕೆ 1963ರಲ್ಲಿ ಕ್ರಿಶ್ಚಿಯನ್ ಡಿ ಡೂವ್ ಆಟೋಫೇಜಿ ಎಂದು ಹೆಸರಿಟ್ಟರು. ಜಪಾನಿನ ಯೋಶಿನೋರಿ ಓಸುಮಿ ತೊಂಬತ್ತರ ದಶಕದ ಆರಂಭದಲ್ಲಿ ಯೀಸ್ಟಿನಲ್ಲಿ ಅದರ ಜೀನ್‌ಗಳನ್ನು ಹುಡುಕಿದರು. ನೊಬೆಲ್ ಬಂದದ್ದು 2016ರಲ್ಲಿ. ಅತ್ತ, ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಾಣುವಿನಿಂದ ಸಿಕ್ಕ ರಾಪಮೈಸಿನ್ ಯಾವ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತದೆಂದು ಕೇಳುತ್ತಾ ಹೋದವರಿಗೆ ಎಂಟಾರ್ ಸಿಕ್ಕಿತು. ಆಹಾರವೂ ಬೆಳವಣಿಗೆಯ ಸಂಕೇತವೂ ಸಾಕಷ್ಟಿದ್ದಾಗ ಎಂಟಾರ್ ಕೋಶವನ್ನು ಬೆಳೆಸುತ್ತದೆ, ಆಟೋಫೇಜಿಯನ್ನು ತಡೆಯುತ್ತದೆ. ಕೊರತೆ ಬಂದರೆ ತಡೆ ಸಡಿಲಗೊಳ್ಳುತ್ತದೆ. ಎರಡು ಧಾರೆಗಳೂ ಇಲ್ಲಿ ಕೂಡಿದವು.

ಬಾಯಿ ಕ್ಯಾನ್ಸರಿನಲ್ಲಿ ಈ ಸಮತೋಲನ ಕದಡುತ್ತದೆ. ಹಲವು ಗಡ್ಡೆಗಳಲ್ಲಿ ಬೆಳವಣಿಗೆಯ ಸಂಕೇತ ಹಿಡಿಯುವ ಇಜಿಎಫ್ಆರ್ ಗ್ರಾಹಕ ಅತಿಯಾಗಿರುತ್ತದೆ; ಅದು ಪಿಐ3ಕೆ, ಎಕೆಟಿ ಎಂಬ ಪ್ರೋಟೀನುಗಳ ದಾರಿಯಾಗಿ ಎಂಟಾರನ್ನು ಎಬ್ಬಿಸುತ್ತದೆ. ವಿಜ್ಞಾನಿ ಬೆತ್ ಲೆವಿನ್ 1999ರಲ್ಲಿ ಆಟೋಫೇಜಿಯ ಬೆಕ್ಲಿನ್ 1 ಜೀನ್ ಸ್ತನ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಗ್ಗಿಸುವುದನ್ನು ತೋರಿಸಿದರು. ಚುರುಕಾದ ಇಜಿಎಫ್ಆರ್ ನೇರವಾಗಿ ಬೆಕ್ಲಿನ್ 1ರ ಕೈಕಟ್ಟುತ್ತದೆಂದು ಅವರದೇ ತಂಡ 2013ರಲ್ಲಿ ಹೇಳಿತು. ಹಾಗಾದರೆ ಆಟೋಫೇಜಿ ನಮ್ಮ ಪರ ಎಂದುಕೊಳ್ಳಬಹುದೇ? ಆರಂಭದಲ್ಲಿ ಹೌದು: ಕೆಟ್ಟ ಮೈಟೋಕಾಂಡ್ರಿಯಾ ತೆಗೆದು ಡಿಎನ್‌ಎಗೆ ಆಗುವ ಹಾನಿ ತಗ್ಗಿಸುತ್ತದೆ. ಗಡ್ಡೆ ಬೆಳೆದು ಒಳಗೆ ಆಮ್ಲಜನಕ, ಆಹಾರ ಸಾಲದಾದಾಗ ಮಾತ್ರ ಅದೇ ಆಟೋಫೇಜಿ ಕ್ಯಾನ್ಸರ್ ಕೋಶಕ್ಕೆ ಬರಗಾಲದ ಕಣಜವಾಗುತ್ತದೆ. ಅಡಿಕೆ ಸಾರ ಬಾಯಿಯ ಕೋಶಗಳಲ್ಲಿ ಆಟೋಫೇಜಿ ಹೆಚ್ಚಿಸುವುದನ್ನು ತೈವಾನಿನ ಸಂಶೋಧಕರು ಕಂಡಿದ್ದಾರೆ. ದಿನವೂ ಅಡಿಕೆ ತಾಗುವ ಕೆನ್ನೆಯಲ್ಲಿ ಅದು ರಕ್ಷಣೆಯೋ, ಹಾನಿ ತಾಳಿ ಉಳಿಯುವ ಕೋಶಗಳ ಆಯ್ಕೆಯೋ ಎಂಬುದೇ ನನಗೆ ಅತಿ ಮುಖ್ಯವಾಗಿ ಕಾಣುವ ಪ್ರಶ್ನೆ.

ಔಷಧಿಗಳೂ ಈ ದಾರಿ ಹಿಡಿದಿವೆ. ಇಜಿಎಫ್ಆರ್ ತಡೆಯುವ ಸೆಟುಕ್ಸಿಮ್ಯಾಬ್‌ಗೆ ತಲೆ-ಕತ್ತಿನ ಕ್ಯಾನ್ಸರಿಗೆಂದು ಅಮೆರಿಕದಲ್ಲಿ 2006ರಲ್ಲಿ ಅನುಮತಿ ಸಿಕ್ಕಿತು. ಎಂಟಾರನ್ನು ತಡೆದರೆ ಬೆಳವಣಿಗೆ ನಿಲ್ಲಬಹುದು. ಜೊತೆಗೆ ಆಟೋಫೇಜಿ ಎಚ್ಚೆತ್ತು ಗಡ್ಡೆಯನ್ನು ಉಳಿಸಲೂಬಹುದು. ಅದಕ್ಕಾಗಿಯೇ ಲೈಸೋಸೋಮನ್ನು ತಡೆಯುವ ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡಿಸಿ ಕೊಡುವ ಪ್ರಯತ್ನಗಳು ಹಲವು ಕ್ಯಾನ್ಸರ್‌ಗಳಲ್ಲಿ ನಡೆದಿವೆ.

ಪಾಶ್ಚಾತ್ಯರ ಫಲಿತಾಂಶಗಳನ್ನು ಹಾಗೆಯೇ ನಮ್ಮ ಕರಾವಳಿಗೆ ಹೊಂದಿಸುವುದು ಸರಿಯಲ್ಲ. ಅಲ್ಲಿ ಸಿಗರೇಟು, ಮದ್ಯ, ಎಚ್‌ಪಿವಿ ವೈರಸ್ಸಿನ ಕಾಯಿಲೆ. ಇಲ್ಲಿ ಎಲೆಯಡಿಕೆ ಇಟ್ಟುಕೊಳ್ಳುವ ಕೆನ್ನೆ, ಒಸಡಿನ ಕಾಯಿಲೆ. ಭಾರತದ ಜೀನೋಮ್ ತಂಡ 2013ರಲ್ಲಿ ಈ ಕ್ಯಾನ್ಸರನ್ನೇ ಓದಿ, ಟಿಪಿ53, ಕ್ಯಾಸ್ಪ್8ರಂಥ ತಿಳಿದ ಜೀನ್‌ಗಳ ಜೊತೆ ಹೊಸವನ್ನೂ ಹೆಸರಿಸಿತು.

ಪ್ರಯೋಗಾಲಯದಲ್ಲಿ ಇನ್ನೊಂದು ತೊಡಕಿದೆ. ಬಯಾಪ್ಸಿಯ ಸ್ಲೈಡಿನಲ್ಲಿ ಆಟೋಫೇಜಿಯ ಗುರುತಾದ ಎಲ್‌ಸಿ3 ಪ್ರೋಟೀನಿನ ಬಣ್ಣ ದಟ್ಟವಾಗಿದ್ದರೆ ಆಟೋಫೇಜಿ ಜೋರಾಗಿ ನಡೆದಿರಬಹುದು, ಕೊನೆಯ ಹಂತದಲ್ಲಿ ಕಟ್ಟಿಕೊಂಡೂ ಇರಬಹುದು. ಆಟೋಫೇಜಿಯಲ್ಲಿ ಕರಗಿಹೋಗುವ ಪಿ62 ಪ್ರೋಟೀನನ್ನೂ ಜೊತೆಗಿಟ್ಟು ನೋಡಿದರೆ ಸ್ವಲ್ಪ ತಿಳಿಯುತ್ತದೆ, ಪೂರ್ತಿಯಲ್ಲ. ಒಬ್ಬರದೇ ಬಾಯಿಯ ಬಿಳಿ ಮಚ್ಚೆ, ಮುಂದಿನ ವರ್ಷಗಳ ಬಯಾಪ್ಸಿ, ಕೊನೆಗೆ ಗಡ್ಡೆ, ಇವುಗಳ ಪ್ಯಾರಾಫಿನ್ ಬ್ಲಾಕ್‌ಗಳನ್ನು ಸಾಲಾಗಿ ಪರೀಕ್ಷಿಸಿದರೆ ಆಟೋಫೇಜಿ ಯಾವ ಹಂತದಲ್ಲಿ ಪಕ್ಷ ಬದಲಿಸಿತು ಎಂಬುದಕ್ಕೆ ಹತ್ತಿರ ಹೋಗಬಹುದು. ರೋಗಿಯೂ ದಂತ ರೋಗಶಾಸ್ತ್ರಜ್ಞರೂ ಕೋಶ ವಿಜ್ಞಾನಿಗಳೂ ಒಂದೇ ಗುಡ್ಡದ ಮೇಲಿರುವ ಮಣಿಪಾಲದಂಥ ಊರಿನಲ್ಲಿ ಆ ಕೆಲಸ ಆಗಲೇಬೇಕು.